ಕಳಸವಳ್ಳಿ ದಡದ ಅಕ್ಕಯ್ಯ

ಮೊದಲ ದಿನ

ಮೈಸೂರಿನಿಂದ ಬರುವ ತಾಳಗುಪ್ಪ ರೈಲನ್ನು ರಾತ್ರಿ ಬೆಂಗಳೂರಿನಲ್ಲಿ ಹತ್ತಿ ಮಲಗಿದವನಿಗೆ ಆನಂದಪುರ ದಾಟುವ ಹೊತ್ತಿಗೆ ಎಚ್ಚರವಾಯಿತು. ಕಿಟಕಿಯ ಆಚೆ ಇನ್ನೂ ಮಬ್ಬುಗತ್ತಲೆ. ವೈಶಾಖದ ಬಿಸಿಲಿಗೆ ಬಣ್ಣಗೆಟ್ಟ ಗದ್ದೆಗಳು, ಅವುಗಳ ಅಂಚಿನಲ್ಲಿ ಕಪ್ಪಗೆ ನಿಂತ ಮಾವಿನ ಮರಗಳು ಒಂದೊಂದಾಗಿ ಕಾಣತೊಡಗಿದವು. ಅಕ್ಕಯ್ಯನ ವರ್ಷಾಂತಿಕಕ್ಕೆಂದು ಹೊರಟ ಪ್ರಯಾಣ ಇದು. ಅಕ್ಕಯ್ಯ ನನ್ನ ಒಡಹುಟ್ಟಿದವಳಲ್ಲ, ದೊಡ್ಡಪ್ಪನ ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯವಳು, ನನಗಿಂತ ಆರು ವರ್ಷ ದೊಡ್ಡವಳು. ಒಬ್ಬನೇ ಮಗನಾಗಿ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬೆಳೆದ ನನಗೆ ಅಕ್ಕ ಎಂದು ಇದ್ದವಳು ಅವಳೊಬ್ಬಳೇ. 1975ರಿಂದ 1982ರವರೆಗೆ ನನ್ನ ಪ್ರತಿ ಬೇಸಿಗೆಯೂ ಅವಳ ಬೆನ್ನ ಹಿಂದೆಯೇ ಕಳೆಯಿತು.

ಆಗ ಇದು ಮೀಟರ್‌ಗೇಜ್ ದಾರಿ. ಏಪ್ರಿಲ್ 10ರಂದು ಶಾಲೆಯ ಫಲಿತಾಂಶ ನೋಡಿಕೊಂಡು ಬಂದ ರಾತ್ರಿಯೇ ಅಪ್ಪ ನನ್ನನ್ನು ರೈಲು ಹತ್ತಿಸುತ್ತಿದ್ದರು. ಬೀರೂರು, ಶಿವಮೊಗ್ಗ ದಾಟಿ ಸಾಗರ ಮುಟ್ಟುವಷ್ಟರಲ್ಲಿ ಅಂಗಿಯೆಲ್ಲ ಕಲ್ಲಿದ್ದಲಿನ ಹೊಗೆಯ ವಾಸನೆ. ಸಾಗರದ ಈ ನಿಲ್ದಾಣಕ್ಕೆ ಈಗ ಸಾಗರ ಜಂಬಗಾರು ಎಂಬ ಹೆಸರು. ಇಳಿದವನು ಪೇಟೆಯ ಹೋಟೆಲೊಂದರಲ್ಲಿ ಕಾಫಿ ಕುಡಿದು, ದೇವಸ್ಥಾನದ ಎದುರು ಹೂವಿನಂಗಡಿಯವರು ನೀರು ಚಿಮುಕಿಸುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, ಸಿಗಂದೂರಿನ ಬಸ್ಸು ಹತ್ತಿದೆ.

ಆವಿನಹಳ್ಳಿ ದಾಟಿದ ಮೇಲೆ ರಸ್ತೆ ಇಳಿಯುತ್ತ ಹೋಗುತ್ತದೆ. ಹೊಳೆಬಾಗಿಲು ಬಂತೆಂದು ತಿಳಿಯುತ್ತಿದ್ದದ್ದು ಕಣ್ಣಿಗಿಂತ ಮೊದಲು ಮೂಗಿಗೆ: ಬಿಸಿಲಿಗೆ ಒಣಗಿದ ಹೊಳೆಮಣ್ಣಿನ, ಲಾಂಚಿನ ಡೀಸೆಲಿನ, ಯಾರೋ ಬುಟ್ಟಿಯಲ್ಲಿ ತಂದ ಒಣಮೀನಿನ ವಾಸನೆಗಳೆಲ್ಲ ಸೇರಿ ಮುಖಕ್ಕೆ ಬಡಿಯುತ್ತಿದ್ದವು. ಎಂಟು ವರ್ಷದ ಹುಡುಗನಾಗಿ ಮೊದಲ ಸಲ ಆ ದಡದಲ್ಲಿ ನಿಂತಾಗ ನನಗೆ ಕಂಡದ್ದು ಹೊಳೆಯಲ್ಲ, ಸಮುದ್ರ. ಅದರ ನಡುನಡುವೆ ಎಲೆಯಿಲ್ಲದ ಮರಗಳ ಬೊಡ್ಡೆಗಳು ನೀರಿನಿಂದ ಮೇಲಕ್ಕೆ ಕೈಯೆತ್ತಿ ನಿಂತಿದ್ದವು. ಅವು ಯಾಕೆ ಹಾಗೆ ನಿಂತಿವೆ ಎಂದು ಅಪ್ಪನನ್ನು ಕೇಳಿದೆ. ಅಪ್ಪ ಮಾತಾಡಲಿಲ್ಲ. ಅದಕ್ಕೆ ಉತ್ತರ ಕೊಟ್ಟವಳು ಅಕ್ಕಯ್ಯ, ಅದೂ ಎರಡು ವರ್ಷದ ಮೇಲೆ.

ಲಾಂಚು ದಾಟಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ನಾನು ಅಪ್ಪನ ಪಂಚೆಯ ಚುಂಗು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ. ಆಚೆ ದಡ ಹತ್ತಿರವಾದಾಗ ಅಪ್ಪ, “ನೋಡು, ನಿನ್ನ ಅಕ್ಕಯ್ಯ ಬಂದಿದ್ದಾಳೆ” ಎಂದರು. ಕಳಸವಳ್ಳಿಯ ದಡದ ನೇರಳೆ ಮರದ ಬುಡದಲ್ಲಿ, ತಲೆಯ ಮೇಲೆ ಅಡಿಕೆಹಾಳೆಯ ಟೊಪ್ಪಿ ಇಟ್ಟುಕೊಂಡ, ಎರಡು ಜಡೆಯ, ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಕೈಯಲ್ಲಿ ಇನ್ನೊಂದು ಟೊಪ್ಪಿಯಿತ್ತು. ಅದು ನನ್ನ ಅಳತೆಗೆ ಮಾಡಿದ್ದು. ನನ್ನನ್ನು ಅವಳು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ. ಅಪ್ಪ ಬರೆದ ಕಾಗದದಲ್ಲಿ “ಹುಡುಗ ಸಣ್ಣಕ್ಕಿದ್ದಾನೆ” ಎಂಬ ಒಂದು ಮಾತು ಇತ್ತಂತೆ. ಅಷ್ಟರ ಮೇಲೆಯೇ ಅಳತೆ ಹಿಡಿದು ಹೊಲಿದಿದ್ದಳು.

ಅಲ್ಲಿಂದ ಮುಂದೆ ಎಂಟು ಬೇಸಿಗೆ ಅವಳು ಆ ಮರದ ಬುಡದಲ್ಲಿ ನಿಂತು ಕಾದಳು. ಒಮ್ಮೆ ಬೀರೂರಿನಲ್ಲಿ ರೈಲು ತಡವಾಗಿ, ಬೆಳಗಿನ ಲಾಂಚಿಗೆ ಬರಬೇಕಾದವನು ಸಂಜೆಯ ಲಾಂಚಿಗೆ ಬಂದಾಗಲೂ ಅವಳು ಅಲ್ಲೇ ಇದ್ದಳು. ಇಡೀ ದಿನ ಅನ್ನ ಕಾಣದೆ ಕುಳಿತವಳು ನನ್ನನ್ನು ಕಂಡು ಕೇಳಿದ್ದು, “ಹಸಿವಾಗಿದ್ದಾ?” ಎಂದು.

ಈ ಸಲ ಬಸ್ಸು ಹೊಳೆಬಾಗಿಲಿನಲ್ಲಿ ನಿಲ್ಲಲಿಲ್ಲ. 2025ರ ಜುಲೈ 14ರಂದು ಸಂಚಾರಕ್ಕೆ ತೆರೆದ, ಎರಡು ಕಿಲೋಮೀಟರಿಗೂ ಉದ್ದದ ತೂಗು ಕೇಬಲ್ಲಿನ ಸೇತುವೆಯ ಮೇಲೆ ಅದು ನೇರವಾಗಿ ಏರಿತು. ಪಕ್ಕದಲ್ಲಿ ಕುಳಿತ ಯಾತ್ರಿಕರು ಮೊಬೈಲ್ ಹಿಡಿದು ಕೇಬಲ್ಲುಗಳ ಚಿತ್ರ ತೆಗೆಯುತ್ತಿದ್ದರು. ನಾನು ಎಡಕ್ಕೆ ಬಾಗಿ ಹಳೆಯ ದಡವನ್ನು ಹುಡುಕಿದೆ. ಅಷ್ಟು ಎತ್ತರದಿಂದ ನೇರಳೆ ಮರ ಕಂಡಿತೋ, ಅದು ಬೇರೆ ಮರವೋ ಎಂದು ನಿಶ್ಚಯಿಸುವುದರೊಳಗೆ ಕಳಸವಳ್ಳಿ ಬಂದುಬಿಟ್ಟಿತು.

ಈ ಸೇತುವೆಗಾಗಿ ಕರೂರು, ಬಾರಂಗಿ ಹೋಬಳಿಗಳ ಜನ ಕಾದದ್ದು ಒಂದೆರಡು ವರ್ಷವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಶರಾವತಿ ಹರಡಿ ನಿಂತಾಗ, ನಾಡಿಗೆ ಬೆಳಕು ಬರಲೆಂದು ಊರು, ಗದ್ದೆ, ತೋಟ ಬಿಟ್ಟು ಎದ್ದವರು ಇವರು. ಉಳಿದವರ ಪಾಲಿಗೆ ತಾಲ್ಲೂಕು ಕೇಂದ್ರ ಹೊಳೆಯ ಆಚೆಗಾಯಿತು. ಕತ್ತಲಾದ ಮೇಲೆ ಲಾಂಚು ಇರುತ್ತಿರಲಿಲ್ಲ. ಕಳೆದ ವರ್ಷದ ವೈಶಾಖ ಬಹುಳದ ಒಂದು ರಾತ್ರಿ ಅಕ್ಕಯ್ಯನಿಗೆ ಎದೆನೋವು ಕಾಣಿಸಿಕೊಂಡಾಗ ಕೊನೆಯ ಲಾಂಚು ಹೋಗಿ ಎರಡು ತಾಸು ಆಗಿತ್ತು. ಅವಳ ಮಗ, ನನ್ನ ಅಳಿಯ, ಕೋಗಾರು, ಕಾರ್ಗಲ್ ಮೇಲಿಂದ ಕಾಡುದಾರಿಯಲ್ಲಿ ಸುತ್ತಿಕೊಂಡು ಸಾಗರಕ್ಕೆ ಕರೆದೊಯ್ದ. ಆಸ್ಪತ್ರೆ ಮುಟ್ಟುವಾಗ ಅವಳು ಇರಲಿಲ್ಲ. ಅದಾಗಿ ಎರಡು ತಿಂಗಳಿಗೆ ಸೇತುವೆ ತೆರೆಯಿತು. ಈ ಲೆಕ್ಕವನ್ನು ನಾನು ವರ್ಷವಿಡೀ ಹಾಕಿದ್ದೇನೆ, ಇವತ್ತು ಬಸ್ಸಿನಲ್ಲಿ ಕುಳಿತೂ ಹಾಕಿದೆ.

ತುಮರಿಯಲ್ಲಿ ಅಳಿಯ ಬೈಕು ತಂದು ನಿಂತಿದ್ದ. ಮನೆಯ ದಣಪೆ ದಾಟಿ ಅಂಗಳಕ್ಕೆ ಕಾಲಿಟ್ಟಾಗ ಜಗಲಿಯ ಮೇಲೆ ಭಾವ ಕವಳದ ಬಟ್ಟಲು ಮುಂದಿಟ್ಟುಕೊಂಡು ಕುಳಿತಿದ್ದರು. ಎದ್ದು ಬಂದು ನನ್ನ ಕೈ ಹಿಡಿದುಕೊಂಡರು, ಮಾತಾಡಲಿಲ್ಲ. ಒಳಗಿನಿಂದ ಸೊಸೆ, “ಮಾವ, ಆಸರಿಗೆ ಎಂತ ಬೇಕು?” ಎಂದು ಕೇಳಿದಳು. ಬಾಯಾರಿಕೆಗೆ ಏನು ಕೊಡಲಿ ಎಂಬ ಆ ಮಾತನ್ನು ಈ ಮನೆಯಲ್ಲಿ ನನ್ನನ್ನು ಕೇಳುತ್ತಿದ್ದದ್ದು ಇನ್ನೊಂದು ದನಿ. ಮುರುಗಲ ಹಣ್ಣಿನ ಪಾನಕ ಸಾಕು ಎಂದೆ.

ಎರಡನೆಯ ದಿನ

ಬೆಳಿಗ್ಗೆ ಮೆತ್ತಿನ ಮೇಲಿಂದ ಇಳಿದು ಬಂದಾಗ ಭಾವ ತೋಟಕ್ಕೆ ಹೊರಟಿದ್ದರು. ಅವರೊಡನೆ ಹೋಗುವ ಬದಲು ನಾನು ಒಬ್ಬನೇ ಹಳ್ಳದ ದಾರಿ ಹಿಡಿದೆ. ಕಾಲುಸಂಕ ಈಗ ಸಿಮೆಂಟಿನದು. ಆಗ ಎರಡು ಅಡಿಕೆ ಮರ ಜೋಡಿಸಿ ಹಾಕಿದ್ದರು, ಮಳೆಗಾಲದ ಪಾಚಿ ಬೇಸಿಗೆಯಲ್ಲೂ ಅದರ ಮೇಲೆ ಒಣಗಿ ಕೂತಿರುತ್ತಿತ್ತು. ಮೊದಲ ವರ್ಷ ಅದನ್ನು ದಾಟಲಾರದೆ ನಾನು ಈಚೆಗೇ ಅಳುತ್ತ ನಿಂತಿದ್ದೆ. ಅಕ್ಕಯ್ಯ ಆಚೆಯಿಂದ ತಿರುಗಿ ಬಂದು ನನ್ನ ಕೈ ಹಿಡಿಯಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಹಳ್ಳಕ್ಕೆ ಇಳಿದು, ಲಂಗ ಮೊಣಕಾಲಿಗೆ ಎತ್ತಿ ಕಟ್ಟಿ, ಸಂಕದ ಪಕ್ಕದಲ್ಲಿ ನೀರಿನಲ್ಲೇ ನಡೆಯುತ್ತ, “ಹೆದ್ರಡ, ಆನಿದ್ದಿ” ಎಂದಳು, ಹೆದರಬೇಡ, ನಾನಿದ್ದೇನೆ ಎಂದು. ಬಿದ್ದರೆ ಅವಳ ಮೇಲೆಯೇ ಬೀಳುತ್ತೇನೆ ಎಂದು ಗೊತ್ತಾದ ಮೇಲೆ ಬೀಳುವ ಭಯ ಹೋಯಿತು. ಅದೇ ಹಳ್ಳದ ಗುಂಡಿಯಲ್ಲಿ ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆಯಿಂದಲೇ ಜೋಡಿಸಿ ಕಟ್ಟಿ, ಅವುಗಳ ನಡುವೆ ನನ್ನನ್ನು ಮಲಗಿಸಿ ಈಜು ಕಲಿಸಿದಳು. ಮೂರನೆಯ ವರ್ಷ ನನಗೆ ತಿಳಿಯದಂತೆ ಕಾಯಿ ಬಿಚ್ಚಿದಳು.

ಹಳ್ಳದ ದಂಡೆಯ ಅಪ್ಪೆ ಮಾವಿನ ಮರ ಹಾಗೆಯೇ ಇದೆ. ಆಳೆತ್ತರದ ಬೊಡ್ಡೆ, ಏಣಿಯಿಲ್ಲದೆ ಹತ್ತಲಾಗದು. ಅಪ್ಪೆಮಿಡಿಯ ಕಾಲ ಶಿವರಾತ್ರಿಯ ಆಚೀಚೆಯದು, ನಾನು ಬರುವ ಹೊತ್ತಿಗೆ ಕೊನೆಯ ಮಿಡಿಗಳಷ್ಟೇ ಇರುತ್ತಿದ್ದವು. ಆ ಕೊನೆಯ ಕೊಯ್ಲನ್ನು ಅಕ್ಕಯ್ಯ ನನಗೆಂದು ತಡೆದು ಇಡಿಸುತ್ತಿದ್ದಳು. ಮಿಡಿಯನ್ನು ತೊಟ್ಟು ಮುರಿಯದೆ ಕೊಯ್ಯಬೇಕು, ಉದುರಿಸಬಾರದು, ನೆಲಕ್ಕೆ ಬಿದ್ದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ. ತೊಟ್ಟು ಮುರಿದ ಕೂಡಲೇ ಚಿಮ್ಮುವ ಸೊನೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ನನ್ನ ಎಡ ಮುಂಗೈಯ ಮೇಲೆ ಅಂಥ ಒಂದು ಕಲೆ ಇಂದಿಗೂ ಇದೆ, ಅದನ್ನು ನಾನು ಬಹಳ ಸಲ ಮುಟ್ಟಿ ನೋಡಿಕೊಳ್ಳುತ್ತೇನೆ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಎಂದು ಹೆಸರಾದ ಜಾತಿಗಳಿವೆಯಾದರೂ ನಮ್ಮ ಹಳ್ಳದ ಮರಕ್ಕೆ ಹೆಸರಿರಲಿಲ್ಲ. ಮಿಡಿಯನ್ನು ಉಗುರಿನಿಂದ ಗೀರಿ ಮೂಸಿ ನೋಡಿ, “ಇದು ಜೀರಿಗೆ ಪರಿಮಳ, ಎರಡು ವರ್ಷ ತಡೆಯುತ್ತದೆ” ಎಂದು ಅವಳು ಹೇಳಿದರೆ ಅದು ಎರಡು ವರ್ಷ ತಡೆಯುತ್ತಿತ್ತು.

ಮಾರ್ಚ್ ತಿಂಗಳಲ್ಲಿ ಅವಳ ಒಂದು ಇನ್‌ಲ್ಯಾಂಡ್ ಕಾಗದ ಬೆಂಗಳೂರಿಗೆ ಬರುತ್ತಿತ್ತು. ಅದರಲ್ಲಿ ಕ್ಷೇಮ ಸಮಾಚಾರ ಎರಡೇ ಸಾಲು. ಉಳಿದದ್ದೆಲ್ಲ ನೀರಿನ ಸುದ್ದಿ. “ಹೊಳೆ ಎರಡನೇ ಕಲ್ಲಿಗೆ ಇಳಿದಿದೆ.” “ಈ ವರ್ಷ ಮಳೆ ಹೆಚ್ಚಾದ್ದರಿಂದ ಇನ್ನೂ ಮೊದಲನೇ ಕಲ್ಲೇ ಕಾಣಲಿಲ್ಲ.” “ನೀರು ಮೂರನೇ ಕಲ್ಲಿಗೆ ಇಳಿದಿದೆ, ಬೇಗ ಬಾ.” ಕಲ್ಲು ಎಂದರೆ ಹಳೆಯ ಮನೆಯ ಅಂಗಳದಿಂದ ತೋಟಕ್ಕೆ ಇಳಿಯುವ ಜಂಬಿಟ್ಟಿಗೆಯ ಮೆಟ್ಟಿಲುಗಳು. ಜಲಾಶಯ ತುಂಬಿದಾಗ ಮಟ್ಟ 1,819 ಅಡಿ, ಆಗ ಅಲ್ಲಿ ಮೆಟ್ಟಿಲೂ ಇಲ್ಲ, ಅಂಗಳವೂ ಇಲ್ಲ, ಬರೀ ನೀರು. ವಿದ್ಯುತ್ತಿಗಾಗಿ ನೀರು ಬಿಡುತ್ತ ಬಿಡುತ್ತ ಬೇಸಿಗೆಯ ಕೊನೆಗೆ ಮಟ್ಟ ಇಳಿದಾಗ, ಮಳೆ ಕಡಿಮೆಯಾದ ವರ್ಷಗಳಲ್ಲಿ, ಅಜ್ಜ ಕಟ್ಟಿಸಿದ ಮನೆಯ ಪಂಚಾಂಗ, ಎಂದರೆ ತಳಪಾಯ, ಮೇಲೇಳುತ್ತಿತ್ತು.

ನಾನು ಹತ್ತು ವರ್ಷದವನಾಗಿದ್ದಾಗ ಅಂಥ ಒಂದು ಬೇಸಿಗೆ ಬಂತು. ಅಕ್ಕಯ್ಯ ನನ್ನ ಕೈ ಹಿಡಿದು, ಬಿರುಕುಬಿಟ್ಟ ಹೂಳಿನ ಮೇಲೆ ಅರ್ಧ ಮೈಲಿ ನಡೆಸಿಕೊಂಡು ಹೋದಳು. ನೀರಿನಲ್ಲಿ ನಿಂತ ಬೊಡ್ಡೆಗಳ ಬಗ್ಗೆ ನಾನು ಅಪ್ಪನನ್ನು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ದಿನ. “ಅದು ನಮ್ಮ ಹಲಸು. ಅದರಾಚೆಯದು ಸುರಗಿ. ಅದು ಪಕ್ಕದ ಮನೆಯವರ ಮಾವು, ಅವರು ಈಗ ಶಿವಮೊಗ್ಗದ ಹತ್ತಿರ ಇದ್ದಾರೆ.” ಸತ್ತ ಮರಗಳನ್ನು ಅವಳು ಬದುಕಿರುವ ನಂಟರನ್ನು ಪರಿಚಯಿಸುವಂತೆ ಒಂದೊಂದಾಗಿ ಹೇಳಿದಳು. ಆಮೇಲೆ ಪಂಚಾಂಗದ ಮೇಲೆ ಹತ್ತಿ, ಬರಿಗಾಲಿನಲ್ಲಿ ಗೆರೆ ಎಳೆಯುತ್ತ, ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲು ಎಂದು ತೋರಿಸಿದಳು. ಬಾಗಿಲು ಇದ್ದ ಜಾಗದಲ್ಲಿ ತಲೆ ಬಗ್ಗಿಸಿ ದಾಟುತ್ತಿದ್ದಳು, ಹಳೆಯ ಮನೆಯ ದಾರಂದ ಗಿಡ್ಡವಂತೆ. ನನ್ನನ್ನೂ ಬಗ್ಗಿಸಿದಳು. ಬಿಸಿಲು ಸುರಿಯುತ್ತಿದ್ದ ಬಯಲಿನಲ್ಲಿ ನಾವಿಬ್ಬರೂ ತಲೆ ಬಗ್ಗಿಸಿ ಕೋಣೆಯಿಂದ ಕೋಣೆಗೆ ಹೋದೆವು.

ಮನೆ ಮುಳುಗಿದಾಗ ಅವಳಿಗೆ ಮೂರೇ ವರ್ಷ. ಆ ಮನೆಯ ಯಾವ ನೆನಪೂ ಅವಳದಾಗಿರಲು ಸಾಧ್ಯವಿಲ್ಲ. ದೊಡ್ಡಪ್ಪ ಪ್ರತಿ ಬೇಸಿಗೆಯೂ ಅವಳನ್ನು ಕರೆತಂದು ನಿಲ್ಲಿಸಿ ಹೇಳಿಸಿದ್ದರಂತೆ. ಅದನ್ನು ಅವಳು ನನಗೆ ದಾಟಿಸಿದಳು. ದೊಡ್ಡಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಭಾವ 1983ರಲ್ಲಿ ಮನೆಅಳಿಯರಾಗಿ ಬಂದರು, ಅಕ್ಕಯ್ಯ ಹೊಳೆಯ ದಡ ಬಿಟ್ಟು ಎಲ್ಲಿಗೂ ಹೋಗಬೇಕಾಗಲಿಲ್ಲ. ಹೋಗು ಎಂದರೂ ಹೋಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಒಂದು ವರ್ಷ ದೊಡ್ಡಪ್ಪ ನಮ್ಮನ್ನೆಲ್ಲ ಜೋಗಕ್ಕೆ ಕರೆದುಕೊಂಡು ಹೋಗಿದ್ದರು. 830 ಅಡಿ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲಾಗಿ ಬೀಳುವ ಹೊಳೆ ಎಂದು ಪುಸ್ತಕದಲ್ಲಿ ಓದಿದ್ದ ನನಗೆ, ಬೇಸಿಗೆಯ ಆ ಕರಿಬಂಡೆಯ ಮೇಲೆ ದಾರದಂತೆ ಇಳಿಯುತ್ತಿದ್ದ ನೀರು ಕಂಡು ನಿರಾಸೆಯಾಯಿತು. ಅಕ್ಕಯ್ಯ ಮಾತ್ರ ಬಹಳ ಹೊತ್ತು ಕಂಬಿ ಹಿಡಿದು ನಿಂತಿದ್ದಳು. “ನಮ್ಮ ಮನೆಯ ಮೇಲಿನ ನೀರು ಇಲ್ಲಿ ಬೀಳುತ್ತಿಲ್ಲ, ಕೊಳವೆಯಲ್ಲಿ ಹೋಗುತ್ತಿದೆ” ಎಂದಳು. ಆ ವರ್ಷ ನಮ್ಮ ಮನೆಯಲ್ಲಿ ಇನ್ನೂ ಚಿಮಣಿ ಬುಡ್ಡಿ ಇತ್ತು. ಕರೆಂಟು ಬಂದದ್ದು ನಾನು ಕಾಲೇಜಿಗೆ ಸೇರಿದ ಮೇಲೆ.

ಮೂರನೆಯ ದಿನ

ವರ್ಷಾಂತಿಕ. ಹೊನ್ನಾವರದ ಕಡೆಯಿಂದ, ಸಿರ್ಸಿಯಿಂದ, ಸಾಗರದಿಂದ ನಂಟರು ಬಂದಿದ್ದರು. ಪುರೋಹಿತರು ಏಳು ಗಂಟೆಗೇ ಬಂದು ಕುಳಿತರು. ಸೇತುವೆ ಆದದ್ದಕ್ಕೆ ಎಲ್ಲರೂ ಸಲೀಸಾಗಿ ಬಂದೆವು ಎಂದು ಒಬ್ಬರಲ್ಲ ಒಬ್ಬರು ಹೇಳುತ್ತಲೇ ಇದ್ದರು. ಹೇಳಿದವರು ಕೂಡಲೇ ಭಾವನ ಮುಖ ನೋಡಿ ಸುಮ್ಮನಾಗುತ್ತಿದ್ದರು.

ಅಳಿಯ ಪಿಂಡ ಇಟ್ಟ. ಮಂತ್ರದ ನಡುವೆ ಅಕ್ಕಯ್ಯನ ಹೆಸರು, ಗೋತ್ರ ಹೇಳಿದಾಗ ನನಗೆ ಅದು ಯಾರದೋ ಹೆಸರಿನಂತೆ ಕೇಳಿಸಿತು, ಯಾಕೆಂದರೆ ಐವತ್ತು ವರ್ಷದಲ್ಲಿ ನಾನು ಒಮ್ಮೆಯೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ಕಾಗೆಗೆ ಬಾಳೆಲೆಯಲ್ಲಿ ಅನ್ನವಿಟ್ಟು ಬಂದು ಎಲ್ಲರೂ ಅಂಗಳದ ಅಂಚಿನಲ್ಲಿ ನಿಂತೆವು. ಹಲಸಿನ ಮರದ ಮೇಲೆ ಎರಡು ಕಾಗೆ ಕುಳಿತಿದ್ದವು, ಇಳಿಯಲಿಲ್ಲ. ಹೊತ್ತು ಕಳೆಯಿತು. ಭಾವ ಮೆಲ್ಲಗೆ ಒಳಗೆ ಹೋಗಿ ಒಂದು ಸೌಟು ಅಪ್ಪೆಹುಳಿ ತಂದು ಅನ್ನದ ಪಕ್ಕಕ್ಕೆ ಬಡಿಸಿದರು. ತಿಥಿಯ ಅಡುಗೆಗೆ ಸೇರದ್ದು ಅದು ಎಂದು ಯಾರೂ ಆಕ್ಷೇಪಿಸಲಿಲ್ಲ. ಕಾಗೆ ಇಳಿಯಿತು. ಅದನ್ನು ಕಂಡು ಭಾವ ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡರು.

ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಒಂದು ಮಿಡಿ ಉಪ್ಪಿನಕಾಯಿ ಬಿತ್ತು. ತೊಟ್ಟು ಸಹಿತ ಇತ್ತು. ಸೊಸೆ ಕಿವಿಯ ಹತ್ತಿರ ಬಗ್ಗಿ, “ಅತ್ತೆ ಹಾಕಿಟ್ಟದ್ದು ಮಾವ, ಕೊನೇ ಭರಣಿ” ಎಂದಳು. ಅವಳು ತೀರಿಕೊಳ್ಳುವ ಮೂರು ತಿಂಗಳ ಮೊದಲು, ಕಳೆದ ವರ್ಷದ ಶಿವರಾತ್ರಿಯ ಹೊತ್ತಿಗೆ ಉಪ್ಪಿಗೆ ಹಾಕಿದ ಮಿಡಿ. ವಾರಗಟ್ಟಲೆ ಉಪ್ಪಿನಲ್ಲಿ ಚಿರುಟಿದ ಮೇಲೆ, ಅದೇ ಉಪ್ಪುನೀರಿನಲ್ಲಿ ಸಾಸಿವೆ, ಮೆಣಸು ಅರೆದು ಬೆರೆಸಿದ್ದು. ಕಚ್ಚಿದೆ. ಕಟಕ್ ಎಂದಿತು. ಒಂದು ವರ್ಷ ಕಳೆದರೂ ಮೆತ್ತಗಾಗಿರಲಿಲ್ಲ. ಒಳಗಿನ ಎಳೆ ಓಟೆಯ ಒಗರು, ಆಮೇಲೆ ಹುಳಿ, ಕೊನೆಗೆ ಮೂಗಿಗೆ ಏರುವ ಆ ಜೀರಿಗೆ ಪರಿಮಳ. ಎರಡು ವರ್ಷ ತಡೆಯುತ್ತದೆ ಎಂದು ಅವಳು ಇದಕ್ಕೂ ಹೇಳಿದ್ದಿರಬೇಕು. ಎಲೆಯ ಮೇಲೆ ತಲೆ ಬಗ್ಗಿಸಿ ಬಹಳ ಹೊತ್ತು ಕುಳಿತೆ. ಪಕ್ಕದವರು ಏಳುವವರೆಗೂ ಏಳಲಾಗಲಿಲ್ಲ.

ಸಂಜೆ ನಂಟರೆಲ್ಲ ಹೊರಟರು.

ನಾಲ್ಕನೆಯ ದಿನ

ಮನೆ ಖಾಲಿಯಾದ ಬೆಳಿಗ್ಗೆ ಸೊಸೆ ಹಲಸಿನಕಾಯಿ ಹಪ್ಪಳಕ್ಕೆ ಕುಳಿತಳು. ಮರದಲ್ಲಿ ಕಾಯಿ ಬಲಿತು ಕೂತಿದೆ, ಇನ್ನು ಎಂಟು ದಿನ ಬಿಟ್ಟರೆ ಹಣ್ಣಾಗುತ್ತದೆ, ಮಳೆ ಬಂದರೆ ಒಣಗುವುದಿಲ್ಲ ಎಂಬುದು ಅವಳ ಅವಸರ. ಬೇಯಿಸಿದ ಸೊಳೆಯನ್ನು ಮೆಣಸು, ಉಪ್ಪು, ಕೊತ್ತಂಬರಿ ಹಾಕಿ ಒರಳಿನಲ್ಲಿ ಕುಟ್ಟುವ ಸದ್ದಿಗೆ ನಾನು ಜಗಲಿಯಿಂದ ಎದ್ದು ಒಳಗೆ ಬಂದೆ. ಅಕ್ಕಯ್ಯನ ಮೊಮ್ಮಗಳು, ಒಂಬತ್ತು ವರ್ಷದ ಹುಡುಗಿ, ಅಜ್ಜಿಯ ಜಾಗದಲ್ಲಿ ಮಣೆ ಹಾಕಿ ಕುಳಿತಿದ್ದಳು.

ಆ ಕೆಲಸದಲ್ಲಿ ನನ್ನ ಪಾಲು ಯಾವಾಗಲೂ ಒಂದೇ ಆಗಿತ್ತು. ನಿಂಬೆಗಾತ್ರದ ಉಂಡೆಯನ್ನು ಎಣ್ಣೆ ಸವರಿದ ಎರಡು ಬಾಳೆಲೆಯ ತುಂಡುಗಳ ನಡುವೆ ಇಟ್ಟು ಅಕ್ಕಯ್ಯ ಮಣೆಯಿಂದ ಒತ್ತುತ್ತಿದ್ದಳು. ಮಣೆಯ ಮೇಲೆ ಮೈಭಾರವನ್ನೆಲ್ಲ ಬಿಟ್ಟು, ಬಲಕ್ಕೊಮ್ಮೆ ಎಡಕ್ಕೊಮ್ಮೆ ಅರ್ಧ ಸುತ್ತು ತಿರುಗಿಸಿ ಎತ್ತಿದರೆ ಅಂಚು ಒಡೆಯದ, ಎಲ್ಲೆಡೆ ಒಂದೇ ತೆಳುವಿನ ಹಪ್ಪಳ. ನಾನು ಅದನ್ನು ಅಂಗೈಯ ಮೇಲೆ ಇಟ್ಟುಕೊಂಡು ಅಂಗಳಕ್ಕೆ ಓಡಿ, ಚಾಪೆಯ ಮೇಲೆ ಬೋರಲು ಹಾಕಿ, ಎಲೆಯನ್ನು ಒಂದು ಮೂಲೆಯಿಂದ ನಿಧಾನವಾಗಿ ಬಿಡಿಸಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದದ್ದನ್ನು ಅವಳಿಗೆ ಕಾಣದಂತೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತು. ಕೊನೆಯ ಉಂಡೆಯನ್ನು ಒತ್ತದೆ, ಬೆರಳಿನಿಂದ ಗುಳಿ ಮಾಡಿ, ಗುಳಿಗೆ ತೆಂಗಿನೆಣ್ಣೆ ಬಿಟ್ಟು ನನ್ನ ಕೈಗೆ ಕೊಡುತ್ತಿದ್ದಳು. ಹಸಿ ಹಪ್ಪಳದ ಹಿಟ್ಟಿಗೆ ತೆಂಗಿನೆಣ್ಣೆ ಕಲಸಿದ ಆ ರುಚಿಯನ್ನು ಬಲ್ಲವರಿಗೆ ನಾನು ಹೇಳಬೇಕಾದ್ದಿಲ್ಲ, ತಿಳಿಯದವರಿಗೆ ಹೇಳಿ ತಿಳಿಸಲಾರೆ.

ಈ ದಿನ ನಾನು ಮತ್ತೆ ಅದೇ ಕೆಲಸಕ್ಕೆ ನಿಂತೆ. ಹುಡುಗಿ ಒತ್ತಿದಳು, ನಾನು ಹೊತ್ತೆ. ಮೊಣಕಾಲು ಹಿಡಿದುಕೊಂಡು ಬಗ್ಗಬೇಕಾದ್ದರಿಂದ ಚಾಪೆ ತುಂಬಲು ಮಧ್ಯಾಹ್ನವಾಯಿತು. ಕೊನೆಯ ಉಂಡೆಗೆ ಅವಳು ಗುಳಿ ಮಾಡಿ ಎಣ್ಣೆ ಬಿಟ್ಟಳು, ಎರಡು ಪಾಲು ಮಾಡಿ ಒಂದನ್ನು ನನಗೆ ಕೊಟ್ಟಳು. ಹೀಗೆ ಮಾಡಲು ನಾನು ಅವಳಿಗೆ ಹೇಳಿರಲಿಲ್ಲ.

ಬಿಸಿಲು ಇಳಿದ ಮೇಲೆ ಅವಳನ್ನು ಕರೆದುಕೊಂಡು ಹೊಳೆಯ ಕಡೆಗೆ ಹೋದೆ. ನೀರು ಚೆನ್ನಾಗಿ ಇಳಿದಿತ್ತು. ಹೂಳಿನ ಮೇಲೆ ದನಗಳ ಗೊರಸಿನ ಗುರುತು, ಒಣಗಿದ ಕಪ್ಪೆಚಿಪ್ಪು, ದೂರದಲ್ಲಿ ಸೇತುವೆಯ ಕಂಬಗಳ ತುದಿ. ಹಲಸಿನ ಬೊಡ್ಡೆ ಈಗ ಮೊಣಕಾಲೆತ್ತರವಷ್ಟೇ ಉಳಿದಿದೆ, ಸುರಗಿ ಇಲ್ಲ. ಪಂಚಾಂಗದ ಕಲ್ಲುಗಳು ಸವೆದು ಅಂಚು ದುಂಡಗಾಗಿದ್ದರೂ ಜಾಗ ಜಾಗದಲ್ಲಿವೆ. ನಾನು ಹತ್ತಿ ನಿಂತು ಶುರುಮಾಡಿದೆ. ಇದು ಜಗಲಿ. ಇದು ನಡುಮನೆ. ಇದು ದೇವರ ಕೋಣೆ, ಇಲ್ಲಿ ತಲೆ ಬಗ್ಗಿಸಬೇಕು. ಇದು ಅಡುಗೆಮನೆ, ಅದರಾಚೆ ಬಚ್ಚಲು. ನಡುಮನೆಯ ಬಲಕ್ಕೆ ಗೋಡೆಯ ಬುಡವೊಂದು ತಿರುಗಿ ಸಣ್ಣ ಚೌಕವಾಗುವ ಕಡೆ ಬಂದಾಗ ನಿಂತೆ. ನೆನಪಾಗಲಿಲ್ಲ. ಅಡಿಕೆ ಕೋಣೆಯೋ, ಅಕ್ಕಿ ಕಣಜವೋ ಎಂದು ಯೋಚಿಸುತ್ತ ಅಲ್ಲೇ ಎರಡು ಸುತ್ತು ತಿರುಗಿದೆ.

“ಅದು ಬಾಣಂತಿ ಕೋಣೆ ಅಜ್ಜಾ” ಎಂದಳು ಹುಡುಗಿ. “ಅಮ್ಮಮ್ಮ ಹುಟ್ಟಿದ್ದು ಅಲ್ಲಿ.”

1961ರ ಆ ಮಳೆಗಾಲದಲ್ಲಿ ಹೊಳೆ ಉಕ್ಕಿ, ದೊಡ್ಡಮ್ಮ ತವರಿಗೆ ಹೋಗಲಾಗದೆ ಇಲ್ಲಿಯೇ ಹೆತ್ತಳೆಂದು ಅಕ್ಕಯ್ಯ ಅವಳಿಗೆ ಹೇಳಿದ್ದಳಂತೆ. ನನಗೂ ಹೇಳಿರಲೇಬೇಕು. ಆ ಚೌಕದ ಒಳಗೆ ಹುಡುಗಿ ತಲೆ ಬಗ್ಗಿಸಿ ಹೋದಳು, ನಾನು ಅವಳ ಹಿಂದೆ ಬಗ್ಗಿ ಹೋದೆ. ಕತ್ತಲಾಗುವವರೆಗೆ ಇಬ್ಬರೂ ಅಲ್ಲಿ ಕುಳಿತಿದ್ದೆವು.

ಐದನೆಯ ದಿನ

ಬೆಳಗಿನ ತಿಂಡಿಗೆ ಕೊಟ್ಟೆ ಕಡುಬು. ಭಾವ ಒಂದು ಸಣ್ಣ ಗಾಜಿನ ಭರಣಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ ಕೈಗಿಟ್ಟರು. “ಇನ್ನೊಂದು ವರ್ಷ ಕೆಡುವುದಿಲ್ಲ” ಎಂದಷ್ಟೇ ಹೇಳಿದರು. ಸೀರೆ ಯಾರದೆಂದು ನಾನು ಕೇಳಲಿಲ್ಲ.

ಅಳಿಯ ಕಾರಿನಲ್ಲಿ ಸಾಗರದವರೆಗೆ ಬಿಡುತ್ತೇನೆಂದ, ಹುಡುಗಿಯೂ ಹಟ ಹಿಡಿದು ಹತ್ತಿದಳು. ಸೇತುವೆಗೆ ಏರುವ ಮೊದಲು ಕಾರು ನಿಲ್ಲಿಸಿಸಿ ಹಳೆಯ ಲಾಂಚು ಕಟ್ಟೆಗೆ ಇಳಿದೆ. ನೇರಳೆ ಮರ ಇದೆ. ಮೊದಲ ದಿನ ಬಸ್ಸಿನಿಂದ ಕಂಡದ್ದು ಅದೇ. ಕೆಳಗೆ ಮೊದಲ ಹಣ್ಣುಗಳು ಉದುರಿ ಮರಳು ನೀಲಿಯಾಗಿತ್ತು. ಅವಳು ಕುಳಿತುಕೊಳ್ಳುತ್ತಿದ್ದ ಬೇರಿನ ಮೇಲೆ ಕುಳಿತು, ಲಾಂಚು ದಾಟುತ್ತಿದ್ದಷ್ಟು ಹೊತ್ತು, ಇಪ್ಪತ್ತು ನಿಮಿಷ, ಆಚೆ ದಡವನ್ನು ನೋಡಿದೆ. ಅಲ್ಲಿ ಬರುವವನು ಎಷ್ಟು ಸಣ್ಣದಾಗಿ ಕಾಣುತ್ತಿದ್ದನೋ, ಎಷ್ಟು ಹೊತ್ತಿಗೆ ಮುಖ ಗುರುತು ಸಿಗುತ್ತಿತ್ತೋ ಎಂದು ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ನಾನು ಯಾವಾಗಲೂ ಬರುವವನಾಗಿದ್ದೆ.

ಹುಡುಗಿ ಲಂಗದ ತುಂಬ ನೇರಳೆ ಹಣ್ಣು ಆರಿಸಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ನಾಲಿಗೆ ಆಗಲೇ ನೀಲಿಯಾಗಿತ್ತು.

“ಬಪ್ಪ ವರ್ಷ ಯಾವಾಗ ಬತ್ರಿ ಅಜ್ಜಾ?”

“ನೀರು ಮೂರನೇ ಕಲ್ಲಿಗೆ ಇಳಿದಾಗ” ಎಂದೆ. “ನೋಡಿ ತಿಳಿಸು.”

ಅಪ್ಪನ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತೇನೆ ಎಂದಳು.

ಫೋಟೊ ಬೇಡ, ಕಾಗದ ಬರೆ ಎಂದೆ. ವಿಳಾಸವನ್ನು ಅವಳ ಕೈಯಲ್ಲೇ ಬರೆಸಿ, ಅವಳ ಚೀಲದಲ್ಲಿ ಇಡಿಸಿದೆ.